ಸಾಕ್ಷಿದಿಬ್ಬದ ಕೆರೆ

ಮೊದಲೇ ತಪ್ಪೊಪ್ಪಿಕೊಳ್ಳುವುದು ಒಳ್ಳೆಯದು. ಇದನ್ನು ಬರೆಯುತ್ತಿರುವವನು ಅಂಕಲಗೆರೆ ಕೆರೆಯ ನೀರುಗಂಟಿ. ಎಂದರೆ ತೂಬು ಎತ್ತಿ ಗದ್ದೆಗೆ ನೀರು ಬಿಡುವವನು, ಕಥೆ ಕಟ್ಟುವವನಲ್ಲ. ಬಿಡಿಸಿ ಹೇಳಬೇಕಾದಲ್ಲಿ ಮರೆತು, ಬೇಡದ ಕಡೆ ಎರಡೆರಡು ಸಲ ಹೇಳಿದರೆ ಓದುವವರು ಮನ್ನಿಸಬೇಕು.

ಅಂಕಲಗೆರೆಯಲ್ಲಿ ಬಸ್ಸಿಳಿದು ಕೆರೆಯ ಏರಿ ಹತ್ತಿದವರ ಕಣ್ಣಿಗೆ ಮೊದಲು ಬೀಳುವುದು ನೀರಲ್ಲ, ನೀರಿನ ನಡುವೆ ನಿಂತ ಮಣ್ಣಿನ ದಿಬ್ಬ. ಎರಡಾಳೆತ್ತರ, ಬುಡ ಅಗಲ, ನೆತ್ತಿ ರೊಟ್ಟಿ ಹಂಚಿನಂತೆ ಚಪ್ಪಟೆ. ಕೆರೆ ತುಂಬಿ ಕೋಡಿ ಬಿದ್ದಾಗಲೂ ಆ ನೆತ್ತಿ ಮುಳುಗುವುದಿಲ್ಲ. ಕೋಡಿಯ ಬಳಿಯ ಕಲ್ಲಿನಲ್ಲಿ ಕೆರೆಯ ಹೆಸರು ‘ಸಿರಿಯಸಮುದ್ರ’ ಎಂದಿದೆ. ಆ ಹೆಸರಿನಿಂದ ಕರೆಯುವವರು ಒಬ್ಬರೂ ಇಲ್ಲ. ಎಲ್ಲರ ಬಾಯಲ್ಲೂ ಇದು ಸಾಕ್ಷಿದಿಬ್ಬದ ಕೆರೆ. ಊರಿನ ಬೀದಿಗಳನ್ನೂ ಇಲ್ಲಿಯೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ಅರ್ಥವಾಗದು. ಮೂಡಣ ಬೀದಿಯ ನೇಕಾರರು ಮನೆಯೊಳಗೆ ತಮಿಳಾಡುತ್ತಾರೆ. ಬಟ್ಟೆಗೆ ಬಣ್ಣ ಹಾಕುವ ರಂಗಾರಿಗಳ ಬೀದಿಯಲ್ಲಿ ಮರಾಠಿ. ಏರಿಯ ಕೆಳಗೆ ಓಬುಳಮ್ಮನ ಸಾಲು ಎನ್ನುವ ಮನೆಗಳಲ್ಲಿ ತೆಲುಗು. ಬೀದಿಗೆ ಬಂದರೆ ಎಲ್ಲರದೂ ಕನ್ನಡ, ಬೈಗುಳವೂ ಕನ್ನಡದಲ್ಲೇ. ಈ ದೊಡ್ಡ ದೇಶದ ಯಾವ ಊರನ್ನು ಕೆದಕಿದರೂ ಹೀಗೆಯೇ ಇದ್ದೀತು. ಯಾರೋ ಎಲ್ಲಿಂದಲೋ ನಡೆದು ಬಂದು, ನೀರಿದ್ದಲ್ಲಿ ಗಂಟು ಇಳಿಸಿದ್ದಾರೆ.

ಹಿಂದೆ ಒಮ್ಮೆ, ಈ ಕೆರೆ ಇರದ ಕಾಲದಲ್ಲಿ, ಊರಿನ ಯಜಮಾನನಾಗಿದ್ದವನು ಸಿರಿಯಪ್ಪಗೌಡ. ಕೆರೆ ಕಟ್ಟಿಸಿ ತನ್ನ ಹೆಸರಿಡಬೇಕೆಂಬ ಹಂಬಲದಿಂದ ಅವನು ತೆಲುಗು ಸೀಮೆಯ ಮಣ್ಣು ಕೆಲಸದವರನ್ನು ಕರೆಸಿದ. ಹುಣಸೆ ಮರದ ಕೆಳಗೆ ಊರೆಲ್ಲ ಕೇಳುವಂತೆ ಮಾತು ಕೊಟ್ಟ: ಕೆರೆ ಮುಗಿದ ಮೇಲೆ ಏರಿಯ ಕೆಳಗೆ ಮನೆ ಕಟ್ಟಿಕೊಳ್ಳಿ, ಇದೇ ನೀರು ಕುಡಿದುಕೊಂಡು ಇರಿ. ಆ ತಂಡದ ಹಿರಿಯಳು ಓಬುಳಮ್ಮ. ಅವಳು ಹುಟ್ಟಿದ್ದು ಒಂದು ಕೆರೆಯ ಗುಂಡಿಯ ಪಕ್ಕ, ಮದುವೆಯಾದದ್ದು ಇನ್ನೊಂದರ ಪಕ್ಕ, ಗಂಡನನ್ನು ಹೂತದ್ದು ಮತ್ತೊಂದರ ಪಕ್ಕ. ಹದಿನಾಲ್ಕು ಕೆರೆ ತೋಡಿದವಳು ಒಂದಾದರೂ ತುಂಬಿದ್ದನ್ನು ಕಂಡಿರಲಿಲ್ಲ. ಏಕೆಂದರೆ ತೋಡುವುದು ಬೇಸಿಗೆಯಲ್ಲಿ, ತುಂಬುವುದು ಮಳೆಗಾಲದಲ್ಲಿ; ಮಳೆ ಬರುವಷ್ಟರಲ್ಲಿ ಅವರನ್ನು ಹೊರಡಿಸಿರುತ್ತಿದ್ದರು. ಗೌಡನ ಮಾತು ಕೇಳಿದಾಗ ಅವಳಿಗೆ ಬೇರೇನೂ ಕೇಳಿಸಲಿಲ್ಲವಂತೆ. ಈ ಸಲ ತುಂಬುವುದನ್ನು ನೋಡುತ್ತೇನೆ ಎಂದಷ್ಟೇ ಅಂದುಕೊಂಡಳು ಎನ್ನುತ್ತಾರೆ.

ಈಗ ಸಾಕ್ಷಿದಿಬ್ಬ ಎಂದರೇನು ಎಂದು ಹೇಳಬೇಕು. ಮಣ್ಣು ತೋಡುವವರು ಎಲ್ಲವನ್ನೂ ಒಂದೇ ಸಮ ತೋಡುವುದಿಲ್ಲ. ನಡುವೆ ಒಂದು ತುಣುಕು ನೆಲವನ್ನು, ಮೇಲಿನ ಹುಲ್ಲಿನ ಸಮೇತ, ಮುಟ್ಟದೆ ಬಿಡುತ್ತಾರೆ. ಸುತ್ತಲಿನ ನೆಲ ಇಳಿದಂತೆಲ್ಲ ಅದು ಕಂಬದ ಹಾಗೆ ಉಳಿಯುತ್ತದೆ. ಮೊದಲು ನೆಲ ಎಲ್ಲಿತ್ತು, ಎಷ್ಟು ಆಳ ತೋಡಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ, ಕೂಲಿಯೂ ಅದರ ಎತ್ತರದ ಲೆಕ್ಕಕ್ಕೇ. ಅಳತೆ ಮುಗಿದ ಮೇಲೆ ತೋಡಿದವರೇ ಅದನ್ನು ಕಡಿದು ಹೋಗುವುದು ವಾಡಿಕೆ. ಮೇಲೆ ಕಳ್ಳಮಣ್ಣು ಸುರಿದು ಎತ್ತರ ತೋರಿಸಿಯಾರೆಂದು ಗೌಡ ತಾನೇ ಜಾಗ ಆರಿಸಿ, ಹುಲ್ಲಿನ ಮೇಲೆ ಸುಣ್ಣದ ಗುರುತು ಹಾಕಿದ. ಆರಿಸಿದ್ದು ಬಯಲಿನ ಎತ್ತರದ ಜಾಗ. ತನ್ನ ವಂಶದ ಮೂಲಪುರುಷ ನರಮನುಷ್ಯರಿಲ್ಲದ ಕಾಡಿಗೆ ಬಂದು ಮೊದಲ ಒಲೆ ಹೂಡಿದ್ದು ಅಲ್ಲೇ ಎಂದು ಎದೆ ತಟ್ಟಿ ಹೇಳಿದ.

ಗುಂಡಿ ಇಳಿಯಿತು. ಮೊಳ ಇಳಿದಾಗ ದಿಬ್ಬದ ಮೈಯಲ್ಲಿ ಬೂದಿಯ ಗೆರೆ ಕಂಡಿತು. ಅದು ಗೌಡನ ಅಜ್ಜಂದಿರದು ಎನ್ನೋಣ. ಅದರ ಕೆಳಗೆ ಒಂದು ಗೇಣು ಬರಿ ಮಣ್ಣು, ಮತ್ತೆ ಬೂದಿ, ಕೆಂಪು ಮಡಕೆಯ ಚೂರು. ಇನ್ನೂ ಕೆಳಗೆ ಶಂಖದ ಬಳೆಯ ತುಂಡು. ಶಂಖ ಸಮುದ್ರದ್ದು, ಸಮುದ್ರ ಇಲ್ಲಿಂದ ಎಷ್ಟು ದೂರ ಎಂದು ಎಲ್ಲರಿಗೂ ಗೊತ್ತು. ಅದರ ಕೆಳಗೆ ಕಪ್ಪು ಮಡಕೆ, ಮತ್ತೆ ಬೂದಿ. ಹದಿನಾಲ್ಕು ಕೆರೆ ತೋಡಿದ ಓಬುಳಮ್ಮನಿಗೆ ಇದು ಹೊಸದಲ್ಲ. ಅವಳು ಪದರಗಳು ಎದ್ದು ಕಾಣುವಂತೆ ಗುದ್ದಲಿಯ ಅಲಗಿನಿಂದ ದಿಬ್ಬದ ಮೈಯನ್ನು ನಯವಾಗಿ ಸವರುತ್ತ ಬಂದಳು.

ಕೆಲಸ ಮುಗಿದ ದಿನ ಗೌಡ ಅಳತೆ ನೋಡಿದ, ಸರಿಯಾಗಿತ್ತು. ಆಮೇಲೆ ಅದೇ ಹುಣಸೆ ಮರದ ಕೆಳಗೆ ನಿಂತು, “ಕೆಲಸ ಮುಗೀತಲ್ಲ, ದಿಬ್ಬ ಕಡಿದು ಹೊರಡಿ. ಇದು ಮೂಲದವರ ನೀರು. ಬಂದವರೆಲ್ಲ ಇಲ್ಲೇ ಕೂತ್ರೆ ನಾವು ಎಲ್ಲಿಗೆ ಹೋಗೋಣ?” ಎಂದ. ಕೊಟ್ಟ ಮಾತು ಕೇಳಿದ್ದ ಊರೆಲ್ಲ ಅಲ್ಲೇ ಇತ್ತು. ನೇಕಾರರು ನೆಲ ನೋಡಿದರು, ರಂಗಾರಿಗಳು ತಮ್ಮ ನೀಲಿ ಹತ್ತಿದ ಕೈ ನೋಡಿಕೊಂಡರು. ಇದನ್ನು ಬರೆಯುವಾಗ ಗೌಡನಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ.

ಓಬುಳಮ್ಮ ಏಣಿ ಹಾಕಿ ದಿಬ್ಬ ಹತ್ತಿದಳು. ನೆತ್ತಿಯ ಮೇಲೆ ಕಾಲು ಚಾಚಿ ಕೂತು, ಏಣಿಯನ್ನು ಕೆಳಕ್ಕೆ ಒದ್ದಳು.

“ಗೌಡ್ರೆ, ಈ ಸುಣ್ಣ ನೀವೇ ಹಾಕಿದ್ದು. ಇಲ್ಲಿಂದ ಕೆಳಗೆ ನೋಡ್ಕೊಂಡು ಬನ್ನಿ. ಮೊಳದ ಕೆಳಗೆ ನಿಮ್ಮಜ್ಜನ ಬೂದಿ. ಅದರ ಕೆಳಗಿನ ಬೂದಿ ಯಾರಜ್ಜಂದು?”

“ಮಣ್ಣು ಹೊರೋಳಿಗೆ ಮಾತು ಬೇರೆ ಬರ್ತದೆ!”

“ಹೊತ್ತಿದ್ದಕ್ಕೇ ಬಂತು. ನೀವು ಈ ನೆಲದ ಮೇಲೆ ನಡೆದಿದ್ದೀರಿ, ನಾನು ಒಳಗೆ ಕೈ ಹಾಕಿದ್ದೀನಿ. ಇಲ್ಲಿ ಮೂಲದ್ದು ಅಂದ್ರೆ ನನ್ನ ಕೆಳಗಿರೋ ಮಣ್ಣೊಂದೇ. ಮಿಕ್ಕಿದ್ದೆಲ್ಲ ಬಂದಿದ್ದೇ, ನೀವೂ ಸೇರಿ.”

ಗೌಡ ಕೆಂಡವಾದ. ತೋಡಿದವರು ಕಡಿಯಲಾರೆವೆಂದರು. ರಂಗಾರಿಗಳ ಹಿರಿಯ ತುಕೋಜಿಯ ಕೈಗೆ ಗೌಡ ಗುದ್ದಲಿ ತುರುಕಿದ. ತುಕೋಜಿ ಅದನ್ನು ನೆಲಕ್ಕಿಟ್ಟು, “ನಮ್ಮಪ್ಪ ಬಂದು ಅರವತ್ತು ವರ್ಷ ಆಯ್ತು ಗೌಡ್ರೆ. ಇವರನ್ನ ಇವತ್ತು ಕಳಿಸಿದ್ರೆ ನಮ್ಮ ಸರದಿ ಯಾವತ್ತು, ಅದನ್ನೂ ಹೇಳಿಬಿಡಿ. ಮೂಟೆ ಕಟ್ಟೋಕೆ ಹೊತ್ತು ಬೇಕು” ಎಂದ. ನೇಕಾರರೊಳಗೆ ಯಾರೋ ಕಿಸಕ್ಕನೆ ನಕ್ಕರು. ಆ ನಗುವಿಗೆ ಗೌಡ ಗುದ್ದಲಿ ಎತ್ತಿಕೊಂಡು ತಾನೇ ಗುಂಡಿಗಿಳಿದ. ದಿಬ್ಬದ ಪಡುವಣ ಮೈಗೆ ಎದೆಮಟ್ಟದಲ್ಲಿ ಬಲವಾಗಿ ಒಂದೇಟು ಹಾಕಿದ. ಮಣ್ಣಿನ ಹೆಂಟೆ ಕಳಚಿ ಬಿತ್ತು. ಒಳಗೆ ಮೂರು ಒಲೆಗಲ್ಲು ಕೂತಿದ್ದವು, ಹೂಡಿದವಳು ಈಗಷ್ಟೇ ನೀರಿಗೆ ಹೋದಂತೆ. ನಡುವೆ ಬೂದಿ, ಬೂದಿಯಲ್ಲಿ ಸುಟ್ಟ ಹುರುಳಿ ಕಾಳು. ಅವನ ಅಜ್ಜನ ಒಲೆಗಿಂತ ಆಳೆತ್ತರ ಕೆಳಗೆ. ಗೌಡ ಗುದ್ದಲಿ ಅಲ್ಲೇ ಬಿಟ್ಟು ಮನೆಗೆ ಹೋದ. ತಪ್ಪಾಯಿತೆಂದು ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಓಬುಳಮ್ಮನ ಜನ ಕಾಯಲಿಲ್ಲ. ಮರುದಿನವೇ ಏರಿಯ ಕೆಳಗೆ ಗೋಡೆ ಎಬ್ಬಿಸಿದರು, ತುಕೋಜಿ ಬಾಗಿಲಿಗೆ ಮರ ಕೊಟ್ಟ. ಆ ಮಳೆಗಾಲದಲ್ಲಿ ಕೆರೆ ತುಂಬಿತು. ಅವಳು ಏರಿಯ ಮೇಲೆ ನಿಂತು ನೋಡಿದಳು, ನೀರು ಕೋಡಿಗೆ ಬರುವವರೆಗೂ ಕೂರಲಿಲ್ಲ ಎನ್ನುತ್ತಾರೆ. ಇಂದಿಗೂ ನೀರುಗಂಟಿತನ ಅವಳ ವಂಶದ್ದೇ.

ಈಗಲೂ ನೀರು ಇಳಿದಾಗ ಬಂದವರಿಗೆ ದಿಬ್ಬದ ಪಡುವಣ ಮೈಯಲ್ಲಿ ಆ ಏಟಿನ ಕಚ್ಚು ಕಾಣುತ್ತದೆ, ಒಳಗೆ ಮೂರು ಕಲ್ಲು ಕಾಣುತ್ತವೆ. ಈ ಬೇಸಿಗೆಯಲ್ಲಿ ಇನ್ನೊಂದೂ ಕಾಣುತ್ತದೆ: ಏರಿಯ ಮೇಲೆ ಹೊಸ ಹಲಗೆ, ‘ಹೊರಗಿನವರು ಕೆರೆಯ ನೀರು ಮುಟ್ಟಬಾರದು’. ಹೊರಗಿನವರು ಎಂದರೆ ಹೂಳೆತ್ತಲು ಒಡಿಶಾದಿಂದ ಬಂದು ಕೆರೆಯ ದಡದಲ್ಲಿ ಗುಡಾರ ಹಾಕಿರುವ ಹದಿನೆಂಟು ಮಂದಿ. ಹೂಳು ಮುಟ್ಟಬಹುದು, ನೀರು ಮುಟ್ಟಬಾರದು! ಹಲಗೆ ಬರೆಸಿದವರಲ್ಲಿ ಗೌಡನ ಮನೆಯವರಿದ್ದಾರೆ, ನೇಕಾರರಿದ್ದಾರೆ, ಹೇಳಲು ನಾಚಿಕೆ, ಓಬುಳಮ್ಮನ ಸಾಲಿನವರೂ ಇದ್ದಾರೆ. ಅವರಿಗಾಗಿ ಪದರದ ವಿಷಯ ಇನ್ನೊಮ್ಮೆ ಬಿಡಿಸಿ ಹೇಳಬೇಕು. ಪದರ ಒಂದು ದಿನಕ್ಕೆ ಕೂರುವುದಲ್ಲ. ಮೊದಲು ಒಲೆ ಬೇಕು, ಒಲೆಗೆ ಮೂರು ಕಲ್ಲು ಬೇಕು, ಕಲ್ಲಿಡಲು ಜಾಗ ಬೇಕು, ಆ ಜಾಗದಿಂದ ಯಾರೂ ಎಬ್ಬಿಸದಂತೆ—

ಏರಿಯ ಮೇಲಿಂದ ರಂಗಾರಿ ಬೀದಿಯ ಸೋನುಬಾಯಿ ಕೂಗುತ್ತಿದ್ದಾಳೆ. “ನೀರುಗಂಟಣ್ಣಾ, ಗುಡಾರ ಕೀಳ್ತಿದಾರೆ, ಒಲೆಗಲ್ಲು ಎತ್ತಿ ಕೆರೆಗೆ ಎಸೀತಿದಾರೆ, ಬಾ! ನಿಮ್ಮ ಓಬುಳಮ್ಮ ಆಗಿದ್ರೆ ಕೂತು ಬರೀತಿದ್ಲಾ?”