ಬೇಲಿಯ ಮೇಲೆ ತಲೆ ಎತ್ತುವ ಚಿಗುರು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳ ಮೈ ಸರಿಯಾಗಿ ಒಣಗಿರಲಿಲ್ಲ. ಗಾಳಿಗೆ ಯಾವ ದಿಕ್ಕಿಗೆ ಬೀಸಬೇಕೆಂದು ಗೊತ್ತಿರಲಿಲ್ಲ. ಸಿಕ್ಕಿದವರನ್ನೆಲ್ಲ ದಾರಿ ಕೇಳುತ್ತಿತ್ತು.

ಆಗ ಒಂದು ಬೆಟ್ಟದ ಕೆಳಗೆ ಸಾಕವ್ವ, ಬೆಳ್ಳಯ್ಯ ಅಂತ ಗಂಡ ಹೆಂಡತಿ ಇದ್ದರು. ಲೋಕದ ಮೊದಲ ಹೂತೋಟ ಮಾಡಿದವರು ಅವರೇ ನೋಡು ಪುಟ್ಟಿ.

ಅವರಿಗೆ ಮಕ್ಕಳಿರಲಿಲ್ಲ. ಒಂದು ಜಿಂಕೆಮರಿ ಇತ್ತು. ತಾಯಿ ಸತ್ತ ಮರಿಯನ್ನು ಸಾಕವ್ವ ಮಡಿಲಲ್ಲಿಟ್ಟುಕೊಂಡು ಬಂದು, ಬಟ್ಟೆ ಅದ್ದಿ ಹಾಲು ಹೀರಿಸಿ ಸಾಕಿದ್ದಳು. ಚುಕ್ಕಿ ಅಂತ ಹೆಸರಿಟ್ಟಿದ್ದಳು. ಅವಳು ಬಾವಿಗೆ ಹೋದರೆ ಚುಕ್ಕಿಯೂ ಬಾವಿಗೆ. ಅವಳು ಹೂ ಬಿಡಿಸಿದರೆ ಚುಕ್ಕಿ ಆ ಹೂ ತಿನ್ನುತ್ತಿತ್ತು.

ಚುಕ್ಕಿ ದೊಡ್ಡದಾಯಿತು. ಒಂದು ಸಂಜೆ ದಿಬ್ಬದ ಮೇಲೆ ಜಿಂಕೆಗಳ ಹಿಂಡು ಬಂದು ನಿಂತಿತು. ಚುಕ್ಕಿ ಕಿವಿ ನಿಮಿರಿಸಿ ನೋಡಿತು. ಸಾಕವ್ವನ ಕೈಯನ್ನು ಒಮ್ಮೆ ನೆಕ್ಕಿತು. ಆಮೇಲೆ ಓಡಿಹೋಯಿತು.

ಸಾಕವ್ವ ಅಳಲಿಲ್ಲ. ಆದರೆ ಪ್ರತಿ ಸಂಜೆ ತೋಟದ ಅಂಚಿಗೆ ಬಂದು ದಿಬ್ಬ ನೋಡುತ್ತಾ ನಿಲ್ಲತೊಡಗಿದಳು.

ಅಷ್ಟರಲ್ಲಿ ಮೊಲಗಳು ತೋಟಕ್ಕೆ ನುಗ್ಗತೊಡಗಿದವು. ಅವರೆಕಾಯಿ ಹೋಯಿತು, ಸೇವಂತಿಗೆ ಹೋಯಿತು. ಬೆಳ್ಳಯ್ಯ ಬೆಟ್ಟ ಹತ್ತಿ, ಉಗುರಿನಷ್ಟೇ ಎಲೆ ಇರುವ, ಸದಾ ಹಸಿರಾಗಿರುವ ಗಿಡಗಳನ್ನು ಕೇಳಿದ, “ನಮ್ಮ ತೋಟಕ್ಕೆ ಬೇಲಿಯಾಗಿ ಬರ್ತೀರಾ?”

ಆ ಗಿಡಗಳೆಲ್ಲ ಆಗ ಒಂದೇ ಎತ್ತರ ಬೆಳೆಯುತ್ತಿದ್ದವು, ಆಳೆತ್ತರ. ದೊಡ್ಡ ಗಿಡಗಳು ತಮ್ಮ ಸಸಿಗಳನ್ನು ಕೊಟ್ಟು ಕಳಿಸಿದವು.

ಗಾಳಿ ಜೋರಾಗಿ ಬರುವ ಕಡೆ ನೆಟ್ಟ ಸಸಿ ಹೇಳಿತು, “ನಾನು ನಿಮ್ಮ ತಲೆಗಿಂತ ಎತ್ತರ ಬೆಳೀತೀನಿ, ಹೂವಿಗೆ ಗಾಳಿ ತಾಗಬಾರದು.” ದಾರಿಯ ಪಕ್ಕದ ಸಸಿ ಹೇಳಿತು, “ನಾನು ಸೊಂಟದ ತನಕ ಸಾಕು, ಹೋಗೋ ಬರೋರ ಹತ್ತಿರ ನೀವು ಮಾತಾಡಬೇಕಲ್ಲ.”

ಉಳಿದದ್ದು ದಿಬ್ಬದ ಕಡೆಯ ಸಸಿ.

“ಇದೂ ಎತ್ತರ ಬೆಳೀಲಿ,” ಅಂದ ಬೆಳ್ಳಯ್ಯ. “ಕಾಡು ಇರೋದೇ ಆ ಕಡೆ.”

“ಎತ್ತರ ಬೆಳೆದರೆ ಚುಕ್ಕಿ ಬಂದದ್ದು ನನಗೆ ಹೇಗೆ ಕಾಣುತ್ತೆ?”

“ಅದು ತನ್ನವರ ಜೊತೆ ಸೇರ್ಕೊಂಡಿದೆ ಕಣೇ. ಮರೆತುಬಿಡು.”

“ವಾಪಸ್ ಬಾ ಅಂತ ನಾನು ಕರೆಯಲ್ಲ. ಬಂದರೆ ಕಾಣಲಿ, ಅಷ್ಟೇ.”

ಅವಳು ಸಸಿಯ ಮುಂದೆ ಕೂತು ಮೆಲ್ಲಗೆ ಕೇಳಿದಳು, “ಮಗಾ, ನೀನು ನನ್ನ ಮೊಣಕಾಲಿನಷ್ಟೇ ಇರ್ತೀಯಾ?”

ಸಸಿ ತನ್ನ ಪುಟ್ಟ ಎಲೆಗಳನ್ನು ಬೆಟ್ಟದ ಕಡೆ ತಿರುಗಿಸಿತು. ಆಮೇಲೆ ಹೇಳಿತು, “ಮುಂದೆ ದಿಬ್ಬ ಅಡ್ಡ ಇದೆ ಅವ್ವಾ. ನಾನು ಬೆಳೆಯದಿದ್ದರೆ ನನಗೆ ಬೆಟ್ಟ ಕಾಣಲ್ಲ. ನಮ್ಮಮ್ಮ ಅಲ್ಲಿದ್ದಾಳೆ.”

ಸಾಕವ್ವ ಸಸಿಯ ಎಲೆ ಸವರಿದಳು. “ಹಾಗಾದರೆ ಬೇಡ ಮಗಾ,” ಅಂದಳು. “ನೀನು ಬೆಳಿ.”

ಸಸಿ ಬೆಳೆಯಿತು. ಅವಳ ಸೊಂಟಕ್ಕೆ ಬಂತು, ಎದೆಗೆ ಬಂತು. ಬೆಟ್ಟ ಕಂಡಿತು! ಬೆಟ್ಟದ ಇಳಿಜಾರಿನಲ್ಲಿ ಅಮ್ಮ ಹಸಿರಾಗಿ ನಿಂತದ್ದೂ ಕಂಡಿತು. ಗಿಡಕ್ಕೆ ಹೇಳಲಾರದಷ್ಟು ಖುಷಿ.

ಆದರೆ ಅದರ ಹಿಂದೆಯೇ ಸಾಕವ್ವ ನಿಲ್ಲುತ್ತಿದ್ದಳು. ಮೊದಲು ಕತ್ತು ಚಾಚಿ ನೋಡುತ್ತಿದ್ದಳು. ಆಮೇಲೆ ತುದಿಗಾಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ತುದಿಗಾಲಲ್ಲಿ ನಿಂತರೂ ದಿಬ್ಬ ಕಾಣಲಿಲ್ಲ. ಎಲೆಗಳನ್ನು ಸರಿಸಿದರೆ ಗಿಡಕ್ಕೆ ನೋವಾದೀತೆಂದು ಅವಳು ಸರಿಸಲೂ ಇಲ್ಲ. ಸುಮ್ಮನೆ ಒಳಗೆ ಹೋದಳು.

ಮರುದಿನ ಗಿಡ ಕರೆಯಿತು. “ಅವ್ವಾ, ಕುಡುಗೋಲು ತಗೊಂಡು ಬಾ.”

“ಯಾಕೋ?”

“ನಾನು ಅಮ್ಮನನ್ನ ಕಣ್ತುಂಬ ನೋಡ್ಕೊಂಡೆ. ಎಲ್ಲಿದ್ದಾಳೆ ಅಂತ ಗೊತ್ತಾಯ್ತು. ನಿನ್ನ ಚುಕ್ಕಿ ಎಲ್ಲಿದೆ ಅಂತ ನಿನಗೆ ಗೊತ್ತೇ ಇಲ್ಲವಲ್ಲ. ಕತ್ತರಿಸು.”

ಸಾಕವ್ವ ಕುಡುಗೋಲು ತಂದು, ಒಮ್ಮೆ ಕೆಳಗಿಟ್ಟಳು. ಆದರೂ ಕತ್ತರಿಸಿದಳು, ಮೊಣಕಾಲಿನ ತನಕ. ಮುಗಿಸಿ ಅದರ ಪಕ್ಕದಲ್ಲೇ ಕೂತು ಅತ್ತಳು. ಜಿಂಕೆ ಹೋದಾಗಲೂ ಅವಳು ಅತ್ತಿರಲಿಲ್ಲ.

ಮೇಲಕ್ಕೆ ಹೋಗಬೇಕಿದ್ದ ಗಿಡ ಅಂದಿನಿಂದ ಒತ್ತಾಗಿ, ದಟ್ಟವಾಗಿ ಬೆಳೆಯಿತು. ಒಂದು ಮೊಲಕ್ಕೂ ಅದರೊಳಗೆ ತೂರಲಾಗಲಿಲ್ಲ. ಬೆಳ್ಳಯ್ಯನೂ ಆಮೇಲೆ ಎತ್ತರದ ಮಾತೆತ್ತಲಿಲ್ಲ.

ಮಳೆಗಾಲ ಕಳೆದು ಒಂದು ಸಂಜೆ ದಿಬ್ಬದ ಮೇಲೆ ಚುಕ್ಕಿ ಬಂದು ನಿಂತಿತು. ಪಕ್ಕದಲ್ಲಿ ಒಂದು ಪುಟಾಣಿ ಮರಿ. ಸಾಕವ್ವ ನೋಡಿದಳು. ಚುಕ್ಕಿಯೂ ನೋಡಿತು. ಅವಳು ಕರೆಯಲಿಲ್ಲ, ಅದು ಇಳಿದು ಬರಲಿಲ್ಲ. ಕತ್ತಲಾಗುವ ತನಕ ಹಾಗೇ ನಿಂತಿದ್ದು, ಮರಿಯನ್ನು ಕರೆದುಕೊಂಡು ಹೋಯಿತು.

“ಬಂತಾ ಅವ್ವಾ?” ಕೆಳಗಿನಿಂದ ಗಿಡ ಕೇಳಿತು.

“ಬಂತು ಮಗಾ. ಚೆನ್ನಾಗಿದೆ.”

ಅಷ್ಟರಲ್ಲಿ ಗಾಳಿ ಬಂತು. “ಬೆಟ್ಟದ ಕಡೆಯಿಂದ ಬರ್ತಿದ್ದೀನಿ,” ಅಂದಿತು. “ನಿಮ್ಮಮ್ಮ ನಿನ್ನ ಕೇಳ್ತಿದ್ದಳು.” ಗಿಡದ ಎಲೆ ಎಲೆಯೂ ಅಲುಗಿತು. ಆ ರಾತ್ರಿ ಅದಕ್ಕೆ ತಡೆಯಲಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಒಂದೇ ಒಂದು ಚಿಗುರು ಮೇಲೆ ಬಂದಿತ್ತು.

ಸಾಕವ್ವ ಅದನ್ನು ನೋಡಿದಳು. ಕುಡುಗೋಲು ಕೈಯಲ್ಲೇ ಇತ್ತು. “ನೋಡ್ಕೋ, ನೋಡ್ಕೋ,” ಅಂದಳು, “ನನಗೇನೂ ಅವಸರವಿಲ್ಲ.”

ಆ ಗಿಡಗಳ ಮಕ್ಕಳು ಮರಿಗಳೇ ಇವತ್ತು ಎಲ್ಲರ ತೋಟದಲ್ಲಿ ಇರೋದು. ಅದಕ್ಕೇ ಪುಟ್ಟಿ, ಕೆಲವು ಬೇಲಿ ತಲೆಗಿಂತ ಎತ್ತರ, ಕೆಲವು ಸೊಂಟದೆತ್ತರ, ಕೆಲವು ನಿನ್ನ ಮೊಣಕಾಲಿನಷ್ಟೇ. ಮತ್ತೆ ಎಷ್ಟೇ ಸಮನಾಗಿ ಕತ್ತರಿಸಿದರೂ ನಾಲ್ಕು ದಿನ ಬಿಟ್ಟು ನೋಡಿದರೆ ಆ ಗಿಡ್ಡ ಬೇಲಿಯಲ್ಲಿ ಒಂದೆರಡು ಚಿಗುರು, ಉಳಿದವನ್ನೆಲ್ಲ ಬಿಟ್ಟು, ದೂರಕ್ಕೆ ಇಣುಕುತ್ತಾ ನಿಂತಿರುತ್ತವೆ.