ಗರಿನಾಯಿಗಳ ಬಂಡೆ

ಸೋನೆಹೊಳೆಯದು ಕಳ್ಳಬುದ್ಧಿ. ಕೆಳಗೆ ಕಣಿವೆಯಲ್ಲಿ ಸುಡುಬಿಸಿಲು ಇರುವಾಗಲೇ ಮೇಲೆ ಬೆಟ್ಟದಲ್ಲಿ ಮಳೆ ಸುರಿದು, ಹೇಳದೆ ಕೇಳದೆ ನೀರು ಬಂದುಬಿಡುತ್ತದೆ.

ಅದರ ಸುಳಿವು ಗೊತ್ತಾಗುವುದು ಗರಿನಾಯಿಗಳಿಗೆ ಮಾತ್ರ. ಮೈಯೆಲ್ಲ ನೀರುನಾಯಿ, ಕತ್ತಿನ ಸುತ್ತ ನೀಲಿ ಗರಿ. ನೀರು ಬರುವ ಮೊದಲೇ ಮರಿಗಳನ್ನು ಕಚ್ಚಿಕೊಂಡು ದಡ ಹತ್ತುತ್ತವೆ. ಅವು ಈಚೆ ದಡದ ಕೆಳಗಿನ ಬಂಡೆಯ ಮೇಲಿದ್ದರೆ ಜನ ಹೊಳೆ ದಾಟುತ್ತಾರೆ. ಇಲ್ಲದಿದ್ದರೆ ಇಲ್ಲ.

ಅವುಗಳ ಮೇಲೆ ಕಣ್ಣಿಡುವುದು ಆಶ್ರಮದ ಶಿಷ್ಯೆ ಸಿದ್ದವ್ವನ ಕೆಲಸ.

ಅವತ್ತು ಮಧ್ಯಾಹ್ನ ಆಚೆ ದಡದಿಂದ ಅವಳ ಅಣ್ಣ ಕರಿಬೀರ ನೀರಿಗಿಳಿದ. ಹೆಗಲ ಮೇಲೆ ಮಗಳು. ಹಿಂದೆ ಇನ್ನೂ ಐದಾರು ಜನ.

ಈಚೆ ದಡದಲ್ಲಿ ಸಿದ್ದವ್ವನ ಪಕ್ಕ ಕಾಲು ತೊಳೆಯಲು ನೀರಿಗೆ ಕಾಲಿಟ್ಟ ಗುರು ಮೌನಪ್ಪಜ್ಜ ಥಟ್ಟನೆ ನಿಂತರು.

"ನೀರು ಯಾಕೆ ಇಷ್ಟು ತಣ್ಣಗಿದೆ? ಮೇಲೆ ಮಳೆ ಬಿದ್ದಿರಬೇಕು."

"ಗರಿನಾಯಿಗಳು ಬಂಡೆ ಮೇಲೇ ಇವೆಯಲ್ಲ, ಅಜ್ಜ."

ಇದ್ದವು ನಿಜ. ಆದರೆ ಒಂದರ ಮುಖವೂ ಹೊಳೆಯ ಕಡೆಗಿರಲಿಲ್ಲ. ಎಲ್ಲವೂ ಸಿದ್ದವ್ವನ ಮಡಿಲನ್ನೇ ನೋಡುತ್ತಿದ್ದವು.

"ಮಡಿಲಲ್ಲಿ ಏನಿದೆ?"

ಸಿದ್ದವ್ವ ಮಡಿಲು ತೆರೆದು ತೋರಿಸಿದಳು. "ಮಂಡಕ್ಕಿ. ದಿನಾ ಇಷ್ಟು ಹಾಕ್ತೀನಿ ಅಜ್ಜ. ಮರಿಗಳು ಕೈಯಿಂದಲೇ ತಿಂತಾವೆ."

"ಎಷ್ಟು ದಿನದಿಂದ?"

"ಒಂದು ತಿಂಗಳು."

"ಅಯ್ಯೋ ಹುಚ್ಚಿ! ತಿನ್ನೋ ಆಸೆಗೆ ಅವು ಹೊಳೆಯನ್ನೇ ಮರೆತಿವೆ! ಕೂಗು ನಿನ್ನ ಅಣ್ಣನ್ನ!"

ಸಿದ್ದವ್ವ ಗಂಟಲು ಹರಿಯುವಂತೆ ಕೂಗಿದಳು. "ಅಣ್ಣಾ, ಹಿಂದಕ್ಕೆ ಹೋಗೋ!"

ಹೊಳೆಯ ಸದ್ದಿಗೆ ಏನೂ ಕೇಳಿಸಲಿಲ್ಲ. ಕರಿಬೀರ ಬಂಡೆಯತ್ತ ಒಮ್ಮೆ ನೋಡಿದ. ನಕ್ಕು, ತಂಗಿಗೆ ಕೈಬೀಸಿ, ಮುಂದಕ್ಕೆ ಹೆಜ್ಜೆ ಹಾಕಿದ.

ಅಜ್ಜ ಒಂದು ಕಲ್ಲೆತ್ತಿ ಅವಳ ಕೈಯಲ್ಲಿಟ್ಟರು. "ಹೊಡಿ."

"ಯಾರಿಗೆ?"

"ಅವನು ನಂಬಿರೋದು ನಿನ್ನನ್ನಲ್ಲ, ಅವುಗಳನ್ನ. ಅವು ಓಡಬೇಕು."

"ನನ್ನ ನಂಬಿ ಕೂತಿವೆ ಅಜ್ಜ, ಮರಿಗಳಿವೆ. ನೀವೇ ಹೊಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಹೊಡೆದರೆ ನಿನ್ನ ಹತ್ತಿರವೇ ಓಡಿ ಬರ್ತವೆ."

ಹೊಳೆಯ ನಡುವೆ ನೀರು ಅಣ್ಣನ ಸೊಂಟ ಮುಟ್ಟಿತ್ತು.

ಸಿದ್ದವ್ವ ಹೊಡೆದಳು. ಕಲ್ಲು ತಾಯಿ ಗರಿನಾಯಿಯ ಭುಜಕ್ಕೆ ಬಿತ್ತು. ಅದು ಚೀರಿತು, ಒಂದು ಗಳಿಗೆ ಅವಳನ್ನೇ ನೋಡಿತು. ಆಮೇಲೆ ಮರಿಯನ್ನು ಕಚ್ಚಿಕೊಂಡು ದಡ ಹತ್ತಿತು. ಉಳಿದವೂ ಅದರ ಹಿಂದೆ ದಡಬಡ ಓಡಿದವು.

ಕರಿಬೀರ ಅದನ್ನು ಕಂಡ. ಹಿಂದಿನವರನ್ನು ತಳ್ಳುತ್ತ ತಿರುಗಿ ಓಡಿದ, ಬಿದ್ದ, ಮಗುವನ್ನೆತ್ತಿಕೊಂಡು ಮತ್ತೆ ಓಡಿದ. ಕೊನೆಯವನ ಕಾಲು ಆಚೆ ದಡಕ್ಕೆ ತಾಗಿತೋ ಇಲ್ಲವೋ, ಕೆಂಪು ನೀರು ಬಂದು ಈಚೆಯ ಬಂಡೆ ಮುಳುಗಿಹೋಯಿತು.

ಸಿದ್ದವ್ವ ಅಲ್ಲೇ ಕುಸಿದು ಅತ್ತಳು. ಎಲ್ಲರೂ ಬದುಕಿದ್ದರು. ಆದರೂ ಅಳು ನಿಲ್ಲಲಿಲ್ಲ.

"ಅಜ್ಜ, ಇನ್ನು ಅವು ನನ್ನ ಹತ್ತಿರ ಬರೋದೇ ಇಲ್ವಾ?"

ಮೌನಪ್ಪಜ್ಜ ಅವಳ ಪಕ್ಕದಲ್ಲಿ ಕೂತರು.

"ಬಂದರೆ ಮತ್ತೆ ಹೊಡೀಬೇಕು, ತಾಯಿ. ಅಳು ಬಂದರೆ ಅಳ್ತಾನೇ ಹೊಡಿ."