ಕೋಟೆಯ ಕೀಲಿಕೈ

ನವಿಲುಗುಡ್ಡದ ಪಾಳೆಯಗಾರನ ಸೈನ್ಯವೆಂದರೆ ನಲವತ್ತು ಜನ, ಒಂದು ಫಿರಂಗಿ. ಫಿರಂಗಿಯೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಇಂಥ ಕೋಟೆಯ ಮುಂದೆ ಪಕ್ಕದ ರಾಜ್ಯದ ದಳವಾಯಿ ಹತ್ತು ಸಾವಿರ ಜನರೊಂದಿಗೆ ಬಂದು ನಿಂತ. "ಕೀಲಿಕೈ ಕೊಡಿ, ಇಲ್ಲವೇ ಕೋಟೆ ಪುಡಿ ಮಾಡುತ್ತೇನೆ" ಎಂದ.

ಬಾಗಿಲು ಕಾಯುವ ತಿಪ್ಪಯ್ಯ ಕೀಲಿಕೈ ತಂದು ಅವನ ಕೈಗೇ ಇಟ್ಟ. "ತಗೊಳ್ಳಿ ಬುದ್ಧಿ. ನಮ್ಮಲ್ಲೊಂದು ಪದ್ಧತಿ ಐತೆ. ಕೀಲಿಕೈ ಯಾರ ಹತ್ರ ಇರ್ತದೋ ಅವರೇ ದಿನಾ ಕೂತು ಜನರ ದೂರು ಕೇಳಬೇಕು. ಮಧ್ಯೆ ಏಳಂಗಿಲ್ಲ. ಈಗ ಒಂದೇ ದೂರು ಬಾಕಿ ಐತೆ."

"ಒಂದೇ ತಾನೇ, ಕರಿ" ಎಂದು ದಳವಾಯಿ ಮೀಸೆ ತಿರುವಿದ.

ಒರಳುಕಲ್ಲು ಯಾರದೆಂದು ಹತ್ತೊಂಬತ್ತು ವರ್ಷದಿಂದ ಜಗಳವಾಡುತ್ತಿದ್ದ ವಾರಗಿತ್ತಿಯರು ಕೆಂಚವ್ವ, ದ್ಯಾಮವ್ವ ಬಂದರು. ಇಬ್ಬರೂ ಒಟ್ಟಿಗೇ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮಾತು ಕೆಂಚವ್ವನ ಮದುವೆ ಊಟದ ಸಾರಿನವರೆಗೆ ಬಂದಿತ್ತು. ಒರಳಿನ ಸುದ್ದಿ ಇನ್ನೂ ಎತ್ತಿರಲಿಲ್ಲ.

"ಇದು ಯಾವಾಗ ಮುಗಿಯುತ್ತೆ?" ಎಂದು ದಳವಾಯಿ ಮೆಲ್ಲಗೆ ಕೇಳಿದ.

"ಗೊತ್ತಿಲ್ಲ ಬುದ್ಧಿ. ನಾಳೆ ಇಬ್ಬರ ತವರಿನೋರೂ ಬರ್ತಾರೆ."

ಸಂಜೆಯೊಳಗೆ ಬಯಲು ಖಾಲಿಯಾಯಿತು. ಕೀಲಿಕೈ ಬಾಗಿಲ ಮುಂದೆ ಬಿದ್ದಿತ್ತು.

ತಿಪ್ಪಯ್ಯ ಅದನ್ನು ಪಾಳೆಯಗಾರನಿಗೆ ಒಪ್ಪಿಸಿದ. ಅವನು ಖಾಲಿ ಬಯಲನ್ನೇ ನೋಡುತ್ತಾ, "ಹೋಗ್ತಾ ನನ್ನನ್ನಾದ್ರೂ ಸೆರೆ ಹಿಡ್ಕೊಂಡು ಹೋಗಬಾರದಿತ್ತಾ" ಎಂದ.